ಮನೆಯ ಗಾಳಿ ಪರೀಕ್ಷೆ: ಕಲಬುರಗಿಯ ನಮ್ಮ ಮನೆಗೆ ಉಪಯೋಗವಾದದ್ದು ಯಾವುದು, ಆಗದ್ದು ಯಾವುದು

ಮನೆಗೆ ಬಂದು ಒಳಗಿನ ಗಾಳಿಯನ್ನೂ ಧೂಳನ್ನೂ ಪರೀಕ್ಷಿಸಿ ವರದಿ ಕೊಡುವ ಸೇವೆ ಈಗ ಕಲಬುರಗಿಯಲ್ಲಿಯೂ ಸಿಗುತ್ತಿದೆ. ಮಾದರಿ ತೆಗೆದುಕೊಂಡು ಹೋಗುವವರು ಇಲ್ಲಿಯವರೇ. ವಿಶ್ಲೇಷಣೆ ನಡೆಯುವುದು ಹೈದರಾಬಾದಿನ ಒಂದು ಖಾಸಗಿ ಪ್ರಯೋಗಾಲಯದಲ್ಲಿ. ನಮ್ಮ ಮಗಳಿಗೆ ಬೆಳಗ್ಗೆ ಹಾಸಿಗೆಯಿಂದ ಏಳುವಾಗಲೇ ಸಾಲುಸಾಲಾಗಿ ಸೀನು ಬರುತ್ತವೆ. ಏಪ್ರಿಲ್, ಮೇ ತಿಂಗಳ ರಾತ್ರಿಗಳಲ್ಲಿ ಉಬ್ಬಸವೂ ಕಾಣಿಸಿಕೊಳ್ಳುತ್ತದೆ. ನನ್ನ ತಾಯಿಗೆ ಹಳೆಯ ದಮ್ಮು. ನಮ್ಮ ಮನೆ ಹುಮನಾಬಾದ್ ರಸ್ತೆಯ ಕಡೆಗಿದ್ದು, ಕಪನೂರ ಕೈಗಾರಿಕಾ ಪ್ರದೇಶದ ದಾಲ್ ಮಿಲ್‌ಗಳು ದೂರವಿಲ್ಲದ ಕಾರಣ, ಈ ಓಣಿಯಲ್ಲಿ ಯಾರಿಗೆ ಕೆಮ್ಮು ಬಂದರೂ ತೊಗರಿ ಹೊಟ್ಟಿನ ಕಡೆಗೇ ಬೆರಳು ಹೋಗುತ್ತದೆ. ಅದು ನಿಜವೇ ಎಂದು ತಿಳಿಯುವುದು ನಮಗೆ ಬೇಕಿತ್ತು. ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ: ಹಾಸಿಗೆಯ ಧೂಳಿನ ಪರೀಕ್ಷೆಗೆ ಕೊಟ್ಟ ಹಣ ಸಾರ್ಥಕವಾಯಿತು, ಗಾಳಿಯ ಕಣಗಳ ಅಳತೆಯನ್ನು ಮನೆಯಲ್ಲಿಟ್ಟುಕೊಳ್ಳುವ ಚಿಕ್ಕ ಸಾಧನದಿಂದಲೇ ಮಾಡಿಕೊಳ್ಳಬಹುದು, ರಾಸಾಯನಿಕ ಆವಿಗಳ ಭಾಗ ನಿರಾಶೆ ತಂದಿತು.

ಪರೀಕ್ಷೆಗೆ ಕರೆ ಮಾಡುವ ಮುನ್ನವೇ ವೈದ್ಯರು ಮಗಳಿಗೆ ಚರ್ಮದ ಚುಚ್ಚು ಪರೀಕ್ಷೆ ಮಾಡಿಸಿದ್ದರು. ಮುಂಗೈಯ ಮೇಲೆ ಬೇರೆ ಬೇರೆ ಅಲರ್ಜಿಕಾರಕಗಳ ಹನಿಗಳನ್ನಿಟ್ಟು ಸಣ್ಣಗೆ ಚುಚ್ಚಿ, ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಏಳುವ ಗಂಧೆಯ ಅಗಲವನ್ನು ಅಳೆಯುವ ಈ ಪರೀಕ್ಷೆಯಲ್ಲಿ, ಡಸ್ಟ್ ಮೈಟ್ ಎಂದು ವೈದ್ಯರು ಹೇಳುವ ಧೂಳಿನ ನುಸಿಗೆ ದೊಡ್ಡ ಗಂಧೆಯೂ ಕಾಂಗ್ರೆಸ್ ಕಸವೆಂದು ಕರೆಯುವ ಪಾರ್ಥೇನಿಯಂ ಗಿಡದ ಪರಾಗಕ್ಕೆ ಚಿಕ್ಕದೂ ಎದ್ದವು. ಈ ಕ್ರಮ ಬಹಳ ಮುಖ್ಯವೆಂದು ನಾನು ಒತ್ತಿ ಹೇಳುತ್ತೇನೆ. ದೇಹ ಯಾವುದಕ್ಕೆ ಕೆರಳುತ್ತದೆ ಎಂಬುದು ಗೊತ್ತಿಲ್ಲದೆ ಮನೆಯಲ್ಲಿ ಏನೇನಿದೆ ಎಂದು ಅಳೆಸಿದರೆ, ವರದಿಯ ತುಂಬ ಅಂಕಿಗಳು ಬರುತ್ತವೆಯೇ ಹೊರತು ಯಾವ ಅಂಕಿಗೆ ಹೆದರಬೇಕು, ಯಾವುದನ್ನು ಬಿಡಬೇಕು ಎಂಬುದು ತಿಳಿಯುವುದಿಲ್ಲ.

ಸೇವೆಯವರು ಮೊದಲೇ ಕಳುಹಿಸುವ ಸೂಚನೆಗಳು ಚೆನ್ನಾಗಿವೆ. ಬರುವ ದಿನದ ಮುಂಚೆ ಹಾಸಿಗೆ ಕೊಡವಬಾರದು, ಹೊದಿಕೆ ಬದಲಿಸಬಾರದು, ನೆಲಕ್ಕೆ ಫಿನಾಯಿಲ್ ಹಾಕಬಾರದು, ಊದುಬತ್ತಿ ಹಚ್ಚಬಾರದು, ಮನೆ ದಿನವೂ ಹೇಗಿರುತ್ತದೆಯೋ ಹಾಗೆಯೇ ಇರಬೇಕು. ಯಾರಾದರೂ ಮನೆಗೆ ಬರುತ್ತಾರೆಂದರೆ ಬೆಳಗ್ಗೆಯೇ ಗುಡಿಸಿ ಒರೆಸಿ ಹೊಸ ಚಾದರ ಹಾಸುವ ನಮ್ಮ ಮನೆಗಳಲ್ಲಿ ಇದನ್ನು ಪಾಲಿಸುವುದು ಸುಲಭವಲ್ಲ. ಆದರೆ ಪಾಲಿಸದಿದ್ದರೆ ಪರೀಕ್ಷೆಗೆ ಅರ್ಥವಿರುವುದಿಲ್ಲ.

ಮೊದಲ ಭಾಗ ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳದ್ದು. ಎರಡೂವರೆ ಮೈಕ್ರೋಮೀಟರಿಗಿಂತ ಚಿಕ್ಕದಾದ, ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲ ಕಣಗಳನ್ನು ಪಿಎಂ 2.5 ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯ ಪ್ರಕಾರ 24 ಗಂಟೆಗಳ ಸರಾಸರಿ ಒಂದು ಘನ ಮೀಟರ್ ಗಾಳಿಗೆ 15 ಮೈಕ್ರೋಗ್ರಾಂ ಮೀರಬಾರದು. ನಮ್ಮ ದೇಶದ 2009ರ ಮಾನದಂಡ 60ರವರೆಗೆ ಒಪ್ಪುತ್ತದೆ. ಇವೆರಡೂ ಇಡೀ ದಿನದ ಸರಾಸರಿಗಳು. ಅರ್ಧ ಗಂಟೆ ನಿಂತು ಅಳೆದು ಹೋದ ಅಂಕಿಯನ್ನು ಅವುಗಳ ಪಕ್ಕದಲ್ಲಿಟ್ಟು ಕೆಂಪು ಹಸಿರು ಬಣ್ಣ ಬಳಿಯುವುದು ಸರಿಯಲ್ಲ, ಆದರೂ ವರದಿಯಲ್ಲಿ ಹಾಗೆಯೇ ಮಾಡಿದ್ದಾರೆ. ನಾವು ಕೊಂಡಿಟ್ಟುಕೊಂಡಿದ್ದ ಚಿಕ್ಕ ಮಾನಿಟರ್ ಇದಕ್ಕಿಂತ ಹೆಚ್ಚು ಕಲಿಸಿತು, ಏಕೆಂದರೆ ಅದು ದಿನವಿಡೀ ನಮ್ಮೊಡನೆ ಇರುತ್ತದೆ. ಒಣ ಮೆಣಸಿನಕಾಯಿಯ ಒಗ್ಗರಣೆ ಚಟಗುಟ್ಟಿದ ನಿಮಿಷದಲ್ಲಿ ಅಡುಗೆಮನೆಯ ಅಂಕಿ 200 ದಾಟಿ, ಬಾಗಿಲಾಚೆಯ ಪಡಸಾಲೆಗೂ ಹರಿಯುತ್ತದೆ. ರೊಟ್ಟಿ ಸುಡುವಾಗ ಅಷ್ಟು ಏರುವುದಿಲ್ಲ; ಹಂಚಿನ ಮೇಲೆ ಉದುರಿದ ಜೋಳದ ಹಿಟ್ಟು ಸೀದಾಗ ಮಾತ್ರ ಏರುತ್ತದೆ. ಗುರುವಾರ ಸಂಜೆ ಲೋಬಾನ ಹಾಕಿದರೆ ಅಂಕಿ ಇಳಿಯಲು ಗಂಟೆಗಳೇ ಬೇಕಾಗುತ್ತವೆ. ಎಲ್ಲಕ್ಕಿಂತ ಕೆಟ್ಟದ್ದು ಸೊಳ್ಳೆಬತ್ತಿಯ ಸುರುಳಿ. ಒಂದು ಸುರುಳಿ ಪೂರ್ತಿ ಉರಿದಾಗ ಹೊರಬರುವ ಪಿಎಂ 2.5ರ ಪ್ರಮಾಣ 75ರಿಂದ 137 ಸಿಗರೇಟುಗಳ ಹೊಗೆಗೆ ಸಮನೆಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಮಕ್ಕಳು ಮಲಗುವ ಕೋಣೆಯ ಬಾಗಿಲು ಹಾಕಿ ಅದನ್ನು ರಾತ್ರಿಯಿಡೀ ಉರಿಸುವ ರೂಢಿ ನಮ್ಮ ಭಾಗದಲ್ಲಿ ಇನ್ನೂ ಇರುವುದು ನನಗೆ ನಿಜಕ್ಕೂ ಸಂಕಟದ ವಿಷಯ. ಕಿಟಕಿಗೆ ಜಾಳಿಗೆ, ಮಂಚಕ್ಕೆ ಸೊಳ್ಳೆಪರದೆ, ಇಷ್ಟೇ ಸಾಕು.

ಇಂಥ ಚಿಕ್ಕ ಸಾಧನಗಳಿಗೆ ನಮ್ಮ ಊರಿನಲ್ಲಿ ಒಂದು ವಿಶೇಷ ಮಿತಿ ಇದೆ. ಲೇಸರ್ ಬೆಳಕು ಚದುರುವುದನ್ನು ನೋಡಿ ಕಣಗಳನ್ನು ಎಣಿಸುವ ಅಗ್ಗದ ಸಂವೇದಕಗಳು ಹೊಗೆಯಂಥ ನುಣ್ಣನೆಯ ಕಣಗಳನ್ನು ಚೆನ್ನಾಗಿ ಹಿಡಿಯುತ್ತವೆ. ಮಣ್ಣು, ಹೊಟ್ಟು, ಸಿಮೆಂಟಿನಂಥ ದಪ್ಪ ಧೂಳನ್ನು ಬಹುಪಾಲು ಕಾಣುವುದೇ ಇಲ್ಲ. ತೊಗರಿ ರಾಶಿಯ ದಿನಗಳಲ್ಲಿ ಕಿಟಕಿಯ ದಂಡೆಯ ಮೇಲೆ ಬೆರಳಾಡಿಸಿದರೆ ತಿಳಿಹಳದಿ ಗೆರೆ ಮೂಡುತ್ತಿತ್ತು, ಪಕ್ಕದಲ್ಲೇ ಇದ್ದ ಮಾನಿಟರಿನ ದೀಪ ಹಸಿರಾಗಿಯೇ ಇತ್ತು. ವಾಡಿ, ಶಹಾಬಾದ್, ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಗಳ ಮತ್ತು ಕಲ್ಲಿನ ಪಾಲಿಶ್ ಘಟಕಗಳ ಹತ್ತಿರ ವಾಸಿಸುವವರು ಈ ಹಸಿರು ದೀಪವನ್ನು ನಂಬಿ ಕೂರಬಾರದು. ಹತ್ತು ಮೈಕ್ರೋಮೀಟರಿನವರೆಗಿನ ಕಣಗಳನ್ನು ಲೆಕ್ಕಕ್ಕೆ ಹಿಡಿಯುವ ಪಿಎಂ 10ರ ಅಳತೆಯಲ್ಲಿ ಸೇವೆಯವರ ದೊಡ್ಡ ಯಂತ್ರ ನಮ್ಮ ಮಾನಿಟರಿಗಿಂತ ಸ್ಪಷ್ಟವಾಗಿ ಹೆಚ್ಚು ತೋರಿಸಿತು. ಕಣಗಳ ಭಾಗದಲ್ಲಿ ಅವರಿಂದ ಸಿಕ್ಕ ಲಾಭ ಅದೊಂದೇ. ಒಳಗಿನ ಜೊತೆಗೆ ಅಂಗಳದಲ್ಲಿಯೂ ಅಳೆದರು ಎಂಬುದನ್ನು ಮೆಚ್ಚಿ ಹೇಳಬೇಕು, ಏಕೆಂದರೆ ಹೊರಗಿನದಕ್ಕೆ ಹೋಲಿಸದ ಒಳಗಿನ ಅಂಕಿಯಿಂದ ಮೂಲ ಎಲ್ಲಿದೆ ಎಂಬುದು ಗೊತ್ತಾಗುವುದಿಲ್ಲ. ಹೊರಗಿನ ಗಾಳಿಯೂ ಇಲ್ಲಿ ನಿರ್ಮಲವೇನಲ್ಲ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ಪಟ್ಟಿಯಲ್ಲಿ ಬೆಂಗಳೂರು, ದಾವಣಗೆರೆ, ಹುಬ್ಬಳ್ಳಿ-ಧಾರವಾಡಗಳ ಜೊತೆಗೆ ಕಲಬುರಗಿಯೂ ಇದೆ.

ಈಗ ಈ ಸೇವೆಯ ನಿಜವಾದ ಬೆಲೆ ಇರುವ ಭಾಗಕ್ಕೆ ಬರುತ್ತೇನೆ. ಧೂಳಿನ ನುಸಿ ಸುಮಾರು ಕಾಲು ಮಿಲಿಮೀಟರಿನಿಂದ ಮೂರನೆಯ ಒಂದು ಮಿಲಿಮೀಟರಿನಷ್ಟು ಉದ್ದದ ಜೀವಿ. ನಮ್ಮ ಮೈಯಿಂದ ಉದುರುವ ಚರ್ಮದ ಪುಡಿ ಅದರ ಆಹಾರ. ಅದಕ್ಕೆ ನೀರು ಕುಡಿಯುವ ಅಭ್ಯಾಸವಿಲ್ಲ, ಗಾಳಿಯ ತೇವವನ್ನೇ ಹೀರಿಕೊಂಡು ಬದುಕುತ್ತದೆ. ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆಯಲ್ಲಿರುವ ಪ್ರೋಟೀನು, ಆ ಹಿಕ್ಕೆಯ ಕಣಗಳು ಹತ್ತು ಮೈಕ್ರೋಮೀಟರಿಗಿಂತ ದಪ್ಪವಾಗಿರುವುದರಿಂದ ಹಾಸಿಗೆ ಅಲುಗಾಡಿದಾಗ ಏಳುತ್ತವೆ, ಕೆಲವು ನಿಮಿಷಗಳಲ್ಲಿ ಮತ್ತೆ ಕೂರುತ್ತವೆ. ಆದ್ದರಿಂದ ಗಾಳಿಯನ್ನು ಎಷ್ಟು ಅಳೆದರೂ ನುಸಿಯ ಸುಳಿವು ಸಿಗುವುದಿಲ್ಲ, ಪಿಎಂ 2.5 ಮಾನಿಟರ್ ಈ ವಿಷಯದಲ್ಲಿ ಏನನ್ನೂ ಹೇಳಲಾರದು. ಮೇಜಿನ ಮೇಲಿಟ್ಟ ಏರ್ ಪ್ಯೂರಿಫೈಯರ್ ಕೂಡ ದಿಂಬಿನೊಳಗೆ ಕೂತಿರುವುದನ್ನು ಎಳೆದುಕೊಳ್ಳಲಾರದು. ಪರೀಕ್ಷೆ ಆಗಬೇಕಾದದ್ದು ಹಾಸಿಗೆಯ ಧೂಳಿನದು.

ತಂತ್ರಜ್ಞರು ವ್ಯಾಕ್ಯೂಮ್ ಕೊಳವೆಯ ಬಾಯಿಗೆ ಬೆರಳುದ್ದದ ಒಂದು ಬಿಳಿ ಬಟ್ಟೆಯ ಶೋಧಕ ಚೀಲ ಸಿಕ್ಕಿಸಿ, ಒಂದು ಚದರ ಮೀಟರ್ ಜಾಗವನ್ನು ಅಳೆದು, ಗಡಿಯಾರ ನೋಡಿಕೊಂಡು ಎರಡು ನಿಮಿಷ ಎಳೆದರು. ಗಾದಿ, ದಿಂಬು, ಮಗಳು ಹೊದೆಯುವ ಕೌದಿ, ಸೋಫಾ, ನೆಲದ ಫರಸಿ, ಪ್ರತಿಯೊಂದಕ್ಕೂ ಬೇರೆ ಚೀಲ. ಫರಸಿಯ ಚೀಲದಲ್ಲಿ ಮಣ್ಣಿನ ಬಣ್ಣದ ಒರಟು ಪುಡಿ ಬಂತು. ಕೌದಿಯ ಚೀಲದಲ್ಲಿ ಬಂದದ್ದು ಬೂದುಬಣ್ಣದ, ಬೆರಳಿನಿಂದ ಒತ್ತಿದರೆ ಉಂಡೆಯಾಗುವ, ಹಿಂಜಿದ ಹತ್ತಿಯಂಥ ಧೂಳು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿಟ್ಟು ಒತ್ತೊತ್ತಾಗಿ ಹೊಲಿದ ಕೌದಿಯಲ್ಲಿ ಧೂಳು ಸೇರಲು ಎಷ್ಟು ಮನೆಗಳಿವೆ ಎಂಬುದು ಆಗ ಕಣ್ಣಿಗೆ ಕಂಡಿತು.

ವರದಿಯಲ್ಲಿ ನುಸಿಯ ಪ್ರಮುಖ ಪ್ರೋಟೀನಾದ ಡೆರ್ ಪಿ 1 ಎಷ್ಟಿದೆ ಎಂಬುದನ್ನು ಒಂದು ಗ್ರಾಂ ಧೂಳಿಗೆ ಇಷ್ಟು ಮೈಕ್ರೋಗ್ರಾಂ ಎಂದು ಕೊಡುತ್ತಾರೆ. ಎರಡು ಮೈಕ್ರೋಗ್ರಾಂ ದಾಟಿದರೆ ಅಲರ್ಜಿ ಹುಟ್ಟಿಕೊಳ್ಳುವ ಸಾಧ್ಯತೆ, ಹತ್ತು ದಾಟಿದರೆ ಅಲರ್ಜಿ ಇರುವವರಿಗೆ ಉಬ್ಬಸ ಕೆರಳುವ ಸಾಧ್ಯತೆ ಹೆಚ್ಚು ಎಂಬುದು ತಜ್ಞರು ಬಹುಕಾಲದಿಂದ ಬಳಸುತ್ತಿರುವ ಅಳತೆಗೋಲು. ನಮ್ಮ ಫರಸಿ ನೆಲದಲ್ಲಿ ಅದು ಎರಡಕ್ಕಿಂತ ಬಹಳ ಕಡಿಮೆ ಇತ್ತು; ಗಾದಿ ನಡುವಿನ ಮಟ್ಟದಲ್ಲಿತ್ತು; ಕೌದಿ ಹತ್ತನ್ನು ದಾಟಿತ್ತು. ಅಡುಗೆಮನೆಯ ಸಿಲಿಂಡರ್ ಹಿಂದಿನ ಮೂಲೆಯಲ್ಲಿ ಜಿರಳೆಯ ಅಲರ್ಜಿಕಾರಕವೂ ಸಿಕ್ಕಿತು. ಕಪನೂರಿನ ಮಿಲ್ಲುಗಳ ಧೂಳು ಮಗಳಿಗೆ ಹಿತವೆಂದು ಯಾರೂ ಹೇಳುವುದಿಲ್ಲ. ಆದರೆ ಬೆಳಗಿನ ಸೀನಿನ ಮೂಲ ಅವಳ ಗಲ್ಲಕ್ಕೆ ತಾಗಿಕೊಂಡೇ ಇತ್ತು ಎಂಬುದನ್ನು ಈ ಒಂದು ಪುಟ ಸ್ಪಷ್ಟಪಡಿಸಿತು.

ಇಷ್ಟು ಒಣ ಹವೆಯ ಊರಿನಲ್ಲಿ ನುಸಿ ಬದುಕುವುದು ಹೇಗೆ ಎಂಬ ಪ್ರಶ್ನೆ ಸಹಜ. ಗಾಳಿಯ ತೇವ ಶೇಕಡ 50ಕ್ಕಿಂತ ಕೆಳಗೆ ಬಹುದಿನ ನಿಂತರೆ ಅದು ಒಣಗಿ ಸಾಯುತ್ತದೆ, ನಮ್ಮ ಏಪ್ರಿಲ್ ತಿಂಗಳ ಹೊರಗಾಳಿಯಲ್ಲಿ ಅದಕ್ಕೆ ಉಳಿಗಾಲವಿಲ್ಲ. ಉಳಿಸುವುದು ನಾವೇ ಕಿಟಕಿಗೆ ಕಟ್ಟಿಕೊಳ್ಳುವ ಕೂಲರ್. ನೀರು ತೊಟ್ಟಿಕ್ಕುವ ಹುಲ್ಲಿನ ಮೂಲಕ ಗಾಳಿ ಎಳೆದು ತಂಪು ಮಾಡುವ ಈ ಯಂತ್ರ ಕೋಣೆಗೆ ತಂಪಿನ ಜೊತೆಗೆ ತೇವವನ್ನೂ ತುಂಬುತ್ತದೆ. ಅಮೆರಿಕದ ಒಣ ಪ್ರದೇಶಗಳಲ್ಲಿ ನಡೆದ ಅಧ್ಯಯನಗಳಲ್ಲಿಯೂ ಇಂಥ ಕೂಲರ್ ಇರುವ ಮನೆಗಳಲ್ಲಿ ನುಸಿಯ ಅಲರ್ಜಿಕಾರಕ ಹೆಚ್ಚು ಕಂಡುಬಂದಿದೆ. ಹೊರಗೆ ಒಣ ಬೇಸಿಗೆ ಇರುವಾಗಲೂ ಮಗಳ ಕೋಣೆಯ ತೇವ ಬೆಳಗಿನ ಜಾವ ಶೇಕಡ 70ರ ಹತ್ತಿರ ಇರುವುದನ್ನು ಮಾನಿಟರಿನಲ್ಲಿ ನೋಡಿದ ಮೇಲೆ, ಅವಳ ಉಬ್ಬಸ ಮಳೆಗಾಲಕ್ಕಿಂತ ಬೇಸಿಗೆಯಲ್ಲಿ ಜೋರಾಗುವುದೇಕೆ ಎಂಬುದಕ್ಕೆ ನಂಬಬಹುದಾದ ಕಾರಣವೊಂದು ಸಿಕ್ಕಿತು.

ಕೂಲರಿನ ಬಗ್ಗೆ ನನಗೆ ದ್ವೇಷವಿಲ್ಲ. ನಲವತ್ತೆರಡು ನಲವತ್ಮೂರು ಡಿಗ್ರಿಯ ಬಿಸಿಲಿನಲ್ಲಿ ಅದಿಲ್ಲದೆ ಇಲ್ಲಿ ಹಿರಿಯರು ಬದುಕುವುದು ಕಷ್ಟ. ಅದರ ಇನ್ನೊಂದು ಗುಣವನ್ನು ಇಂಗಾಲದ ಡೈಆಕ್ಸೈಡಿನ ಅಳತೆ ತೋರಿಸಿಕೊಟ್ಟಿತು. ಹೊರಗಿನ ಗಾಳಿಯಲ್ಲಿ ಈ ಅನಿಲ ಸುಮಾರು 420 ಪಿಪಿಎಂ, ಎಂದರೆ ಹತ್ತು ಲಕ್ಷ ಭಾಗಗಳಲ್ಲಿ 420 ಭಾಗ ಇರುತ್ತದೆ. ಕೋಣೆಯಲ್ಲಿ 1,000 ದಾಟಿದರೆ ಹೊಸ ಗಾಳಿ ಸಾಲುತ್ತಿಲ್ಲ ಎಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಕೂಲರ್ ಹೊರಗಿನ ಗಾಳಿಯನ್ನೇ ಒಳಗೆ ನೂಕುವುದರಿಂದ ಅದು ಓಡುವ ಕೋಣೆಯಲ್ಲಿ ಅಂಕಿ ಏರಲೇ ಇಲ್ಲ. ಎಸಿ ಹಾಕಿ ಬಾಗಿಲು ಮುಚ್ಚಿಕೊಂಡು ಮಲಗಿದ ನಮ್ಮ ಕೋಣೆಯಲ್ಲಿ ಬೆಳಗಾಗುವ ಹೊತ್ತಿಗೆ ಅದು 1,800ರ ಆಸುಪಾಸಿಗೆ ಬಂದಿತ್ತು, ಏಕೆಂದರೆ ಗೋಡೆಯ ಎಸಿ ಒಳಗಿನ ಗಾಳಿಯನ್ನೇ ತಿರುಗಿಸಿ ತಂಪು ಮಾಡುತ್ತದೆ, ಹೊರಗಿನದನ್ನು ತರುವುದಿಲ್ಲ. ಈ ಲೆಕ್ಕ ಕೇಳುತ್ತ ಕುಳಿತಿದ್ದ ನನ್ನ ತಾಯಿ ತಂತ್ರಜ್ಞರನ್ನೇ ಕೇಳಿದರು: “ಬಾಗಲಾ ತೆರದ್ರ ಧೂಳ ಬರ್ತದ, ಮುಚ್ಚಿದ್ರ ಉಸರ ಕಟ್ತದ. ಹ್ಯಾಂಗ ಮಾಡಬೇಕು ತಮ್ಮಾ?” ಅವರ ಉತ್ತರ ವರದಿಯ ಸಲಹಾಪುಟಕ್ಕಿಂತ ಉಪಯುಕ್ತವಾಗಿತ್ತು: “ಹೊತ್ತು ನೋಡಿ ತೆರೀಬೇಕ್ರಿ ಅವ್ವಾ. ಅಡಗಿ ಮಾಡೋವಾಗ ತೆರೀರಿ, ಮಲಗೋಕಿಂತ ಮೊದಲ ಸ್ವಲ್ಪ ತೆರೀರಿ, ರಸ್ತಾ ಮ್ಯಾಲ ಧೂಳ ಎದ್ದಾಗ ಮುಚ್ರಿ.”

ಮಾನಿಟರ್ ಕೊಳ್ಳುವವರಿಗೆ ಇಲ್ಲಿ ಒಂದು ಮಾತು. ಅಗ್ಗದ ಹಲವು ಸಾಧನಗಳು ಇಂಗಾಲದ ಡೈಆಕ್ಸೈಡನ್ನು ಅಳೆಯುವುದೇ ಇಲ್ಲ. ಬೇರೆ ಆವಿಗಳನ್ನು ಗ್ರಹಿಸಿ, ಅದರಿಂದ ಅಂದಾಜು ಮಾಡಿದ ಅಂಕಿಯನ್ನು ತೋರಿಸುತ್ತವೆ. ಅತ್ತರಿನ ಬಾಟಲಿ ತೆರೆದರೂ ಅವುಗಳಲ್ಲಿ ಅಂಕಿ ಏರುತ್ತದೆ. ಎನ್‌ಡಿಐಆರ್ ಎಂದು ಕರೆಯುವ ಅವಗೆಂಪು ಸಂವೇದಕ ಇದೆಯೇ ಎಂದು ಡಬ್ಬಿಯ ಮೇಲೆ ನೋಡಿಯೇ ಕೊಳ್ಳಬೇಕು.

ಬೂಷ್ಟಿನ ಪರೀಕ್ಷೆ ನಮಗೆ ಬೇಕಿರಲಿಲ್ಲವೆಂದು ಈಗ ಅನಿಸುತ್ತದೆ. ಐದು ನಿಮಿಷ ಗಾಳಿ ಎಳೆದು ಅಂಟುಗಾಜಿನ ಮೇಲೆ ಕೂತ ಬೀಜಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಮನೆಯಲ್ಲಿ ಇಷ್ಟು ಬೀಜಕಣಗಳವರೆಗೆ ಸುರಕ್ಷಿತ ಎಂಬ ಆರೋಗ್ಯಾಧಾರಿತ ಮಿತಿ ಯಾವುದೂ ಇಲ್ಲದಿರುವುದರಿಂದ ಎಣಿಕೆಗೆ ಹೆಚ್ಚಿನ ಅರ್ಥವಿಲ್ಲ, ಹೊರಗಿನದಕ್ಕೆ ಹೋಲಿಸಿ ನೋಡಬಹುದಷ್ಟೆ. ಕೂಲರಿನ ಹಿಂಬದಿಯ ಮುಚ್ಚಳ ತೆಗೆದಾಗಲೇ ವಿಷಯ ಗೊತ್ತಾಗಿತ್ತು: ಬೋರಿನ ಗಡಸು ನೀರಿನ ಬಿಳಿ ಚಕ್ಕೆಗಳ ನಡುವೆ ಹುಲ್ಲು ಕಪ್ಪಾಗಿ, ಹಳೆಯ ಗೋಣಿಚೀಲದ ವಾಸನೆ ಬರುತ್ತಿತ್ತು. ಬೂಷ್ಟು ಕಣ್ಣಿಗೆ ಕಂಡ ಮೇಲೆ ಅದನ್ನು ತೆಗೆಯುವುದಕ್ಕೆ ಹಣ ಖರ್ಚು ಮಾಡಬೇಕು, ಎಣಿಸುವುದಕ್ಕಲ್ಲ. ಅದೇ ಗಾಜಿನ ಮೇಲೆ ಪರಾಗವೂ ಕೂತಿರುತ್ತದೆ, ಆದರೆ ಕೇಳದಿದ್ದರೆ ಅದನ್ನು ಎಣಿಸುವುದಿಲ್ಲ. ಖಾಲಿ ನಿವೇಶನಗಳಲ್ಲೆಲ್ಲ ಕಾಂಗ್ರೆಸ್ ಕಸ ಎದೆಯೆತ್ತರ ಬೆಳೆದು ಹೂ ಬಿಡುವ ನಮ್ಮಂಥ ಬಡಾವಣೆಗಳವರು ಪರಾಗವನ್ನು ಎಣಿಸಲು ಮೊದಲೇ ಹೇಳಿಡುವುದು ಒಳಿತು.

ನನ್ನ ದೂರು ಇರುವುದು ರಾಸಾಯನಿಕ ಆವಿಗಳ ವಿಷಯದಲ್ಲಿ. ಮಗಳ ಕೋಣೆಯಲ್ಲಿ ಪ್ಲೈವುಡ್ ವಾರ್ಡ್‌ರೋಬ್ ಹೊಸದಾಗಿ ಮಾಡಿಸಿದ್ದೆವು. ಇಂಥ ಹಲಗೆಗಳನ್ನು ಕೂಡಿಸುವ ಅಂಟಿನಿಂದ ಫಾರ್ಮಾಲ್ಡಿಹೈಡ್ ಬಹುಕಾಲ ಹೊರಬರುತ್ತಿರುತ್ತದೆ. ಶಾಖ ಮತ್ತು ತೇವ ಹೆಚ್ಚಿದಂತೆ ಅದು ಇನ್ನೂ ಹೆಚ್ಚುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಅರ್ಧ ಗಂಟೆಯ ಸರಾಸರಿಗೆ ಒಂದು ಘನ ಮೀಟರಿನಲ್ಲಿ 0.1 ಮಿಲಿಗ್ರಾಂ ಎನ್ನುತ್ತದೆ. ಇದನ್ನು ಸರಿಯಾಗಿ ತಿಳಿಯಬೇಕಾದರೆ ಕೋಣೆಯನ್ನು ಗಂಟೆಗಟ್ಟಲೆ ಮುಚ್ಚಿಟ್ಟು, ರಾಸಾಯನಿಕ ಲೇಪವಿರುವ ಚಿಕ್ಕ ನಳಿಗೆಯ ಮೂಲಕ ನಿಧಾನವಾಗಿ ಗಾಳಿ ಎಳೆದು, ಆ ನಳಿಗೆಯನ್ನು ಪ್ರಯೋಗಾಲಯದಲ್ಲಿ ವಿಶ್ಲೇಷಿಸಬೇಕು. ಇವರು ಮಾಡಿದ್ದು ತೆರೆದ ಕಿಟಕಿಯ ಪಕ್ಕದಲ್ಲಿ ಕೈಯಲ್ಲಿ ಹಿಡಿಯುವ ಉಪಕರಣವನ್ನು ಕೆಲವೇ ನಿಮಿಷ ಹಿಡಿದದ್ದು. ವರದಿಯಲ್ಲಿ ಫಾರ್ಮಾಲ್ಡಿಹೈಡಿಗೆ ಹಸಿರು, ಒಟ್ಟು ಆವಿಗಳಿಗೆ ಕೆಂಪು. ಒಟ್ಟು ಆವಿ ಎಂದರೆ ಯಾವುದರ ಆವಿ, ಬಣ್ಣದ್ದೇ, ಫಿನಾಯಿಲಿನದೇ, ಕೈಗೆ ಹಚ್ಚಿಕೊಂಡ ಸ್ಯಾನಿಟೈಸರಿನದೇ ಎಂಬ ವಿವರ ಒಂದು ಸಾಲೂ ಇಲ್ಲ. ಆ ಕೆಂಪು ಬಣ್ಣದ ಕೆಳಗೆಯೇ ಒಂದು ಪ್ಯೂರಿಫೈಯರಿನ ಜಾಹೀರಾತು ಇತ್ತು. ಅಳೆಯುವವರೇ ಮಾರುವವರೂ ಆಗಬಾರದು; ಕಾಯಿಲೆಯ ಮಕ್ಕಳಿರುವ ಮನೆಯಲ್ಲಂತೂ ಇದು ತೀರ ಅನುಚಿತ. ದೂರವಾಣಿಯಲ್ಲಿ ಕೇಳಿದಾಗ, ಆ ಭಾಗ ಪ್ರಯೋಗಾಲಯದ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ವ್ಯಾಪ್ತಿಯಲ್ಲಿಲ್ಲ ಎಂದು ಒಪ್ಪಿಕೊಂಡರು. ಮಾನ್ಯತೆ ಸಿಗುವುದು ಒಂದೊಂದು ಪರೀಕ್ಷೆಗೆ ಪ್ರತ್ಯೇಕವಾಗಿ. ಹಾಗಾಗಿ ಪ್ರಯೋಗಾಲಯಕ್ಕೆ ಮಾನ್ಯತೆ ಇದೆಯೇ ಎಂದು ಕೇಳಿದರೆ ಸಾಲದು, ನಮಗೆ ಬೇಕಾದ ಪರೀಕ್ಷೆಗೆ ಇದೆಯೇ ಎಂದು ಕೇಳಬೇಕು.

ವರದಿ ಇಂಗ್ಲಿಷಿನಲ್ಲಿ ಮಾತ್ರ ಇರುವುದು ಇನ್ನೊಂದು ಕೊರತೆ. ಮನೆಯ ಹಾಸಿಗೆ, ಅಡುಗೆ, ಶುಚಿತ್ವ ನೋಡಿಕೊಳ್ಳುವವರಿಗೆ ಓದಲು ಬಾರದ ವರದಿಯಿಂದ ಮನೆ ಬದಲಾಗುವುದಿಲ್ಲ. ಒಂದು ಪುಟದ ಕನ್ನಡ ಸಾರಾಂಶ ಕೊಡುವುದು ಅವರಿಗೆ ಕಷ್ಟವಾಗಬಾರದು.

ಇಂಗಾಲದ ಮೊನಾಕ್ಸೈಡನ್ನು ಪಡಸಾಲೆಯಲ್ಲಿ ಅಳೆದು ಇಲ್ಲವೆಂದು ಬರೆದರು. ಆದರೆ ಅದನ್ನು ಅಳೆಯಬೇಕಾದದ್ದು ಗ್ಯಾಸ್ ಗೀಸರ್ ಇರುವ ಬಚ್ಚಲಿನಲ್ಲಿ, ಗೀಸರ್ ಉರಿಯುತ್ತಿರುವಾಗ. ಬಣ್ಣವಿಲ್ಲದ, ವಾಸನೆಯಿಲ್ಲದ ಈ ಅನಿಲ ಕಿಟಕಿಯಿಲ್ಲದ ಬಚ್ಚಲಿನಲ್ಲಿ ನಿಮಿಷಗಳಲ್ಲಿ ಪ್ರಾಣ ತೆಗೆಯಬಲ್ಲದು. ನಾವೇ ಹೇಳಿ ಅಲ್ಲಿಯೂ ಅಳೆಸಿದೆವು. ಆ ಮೇಲೆ ಗೀಸರನ್ನು ಹೊರಗೋಡೆಗೆ ಹಾಕಿಸಿದೆವು. ಇಡೀ ಪರೀಕ್ಷೆಯಿಂದಾದ ಕೆಲಸಗಳಲ್ಲಿ ನನಗೆ ಅತ್ಯಂತ ಸಮಾಧಾನ ತಂದದ್ದು ಇದೇ.

ಉಳಿದಂತೆ ಮಾಡಿದ್ದು ದುಬಾರಿಯದೇನಲ್ಲ. ಗಾದಿಗೂ ದಿಂಬಿಗೂ ಒತ್ತಾದ ನೇಯ್ಗೆಯ, ಜಿಪ್ ಇರುವ ಕವರ್ ಹಾಕಿದೆವು. ಚಾದರಗಳನ್ನು ವಾರಕ್ಕೊಮ್ಮೆ 60 ಡಿಗ್ರಿಯ ನೀರಿನಲ್ಲಿ ಒಗೆಯುತ್ತೇವೆ. ನುಸಿ ಸಾಯಲು ಅಷ್ಟು ಬಿಸಿ ಬೇಕು. ದಸರೆಗೆ ಮೊದಲು ಮಾತ್ರ ಒಗೆಯುತ್ತಿದ್ದ ಕೌದಿಯನ್ನು ಹಂಡೆಯಲ್ಲಿ ನೀರು ಕಾಯಿಸಿ ಒಗೆದು, ಬಿಸಿಲಿಗೆ ಹಾಕಿ, ಮಗಳ ಕೋಣೆಯಿಂದ ಹೊರಗಿಟ್ಟೆವು. ಬರೀ ಬಿಸಿಲಿಗೆ ಹಾಕಿದರೆ ನುಸಿ ಸಾಯಬಹುದು, ಅಲರ್ಜಿ ತರುವ ಪ್ರೋಟೀನು ಉಳಿದೇ ಇರುತ್ತದೆ. ಅದು ಹೋಗುವುದು ನೀರಿನಲ್ಲಿ ತೊಳೆದಾಗ. ಕೂಲರಿನ ಹುಲ್ಲು ಬದಲಿಸಿ, ಮಲಗಿದ ಮೇಲೆ ಪಂಪ್ ಬಂದ್ ಮಾಡಿ ಫ್ಯಾನ್ ಮಾತ್ರ ಬಿಡುವ ಅಭ್ಯಾಸ ಮಾಡಿಕೊಂಡೆವು. ಮಗಳ ಸೀನು ಪೂರ್ತಿ ನಿಂತಿಲ್ಲ, ವೈದ್ಯರು ಕೊಟ್ಟ ಔಷಧವೂ ನಡೆದಿದೆ. ರಾತ್ರಿಯ ಉಬ್ಬಸ ಗಮನಾರ್ಹವಾಗಿ ಕಡಿಮೆಯಾಗಿದೆ.

ಪೂರ್ತಿ ಪ್ಯಾಕೇಜಿನ ಖರ್ಚು ಒಂದು ಒಳ್ಳೆಯ ಪ್ಯೂರಿಫೈಯರಿನ ಬೆಲೆಗೆ ಸಮೀಪವಿದೆ, ಅಷ್ಟನ್ನೂ ತೆಗೆದುಕೊಳ್ಳುವ ಅಗತ್ಯ ಹೆಚ್ಚಿನ ಮನೆಗಳಿಗೆ ಇಲ್ಲ. ಚರ್ಮದ ಪರೀಕ್ಷೆಯಲ್ಲಿ ನುಸಿಗೆ ಅಥವಾ ಜಿರಳೆಗೆ ಅಲರ್ಜಿ ಎಂದು ಬಂದಿದ್ದರೆ ಧೂಳಿನ ಪರೀಕ್ಷೆಯೊಂದನ್ನೇ ಕೇಳಿರಿ. ಅದನ್ನು ಬಿಡಿಯಾಗಿಯೂ ಮಾಡಿಕೊಡುತ್ತಾರೆ, ಫಲಿತಾಂಶ ಎರಡು ಮೂರು ವಾರಗಳಲ್ಲಿ ಬರುತ್ತದೆ. ಕೂಲರ್ ಓಡುವ ಕಾಲದ ಕೊನೆಗೆ, ಎಂದರೆ ಮೇ ಕಡೆಯಲ್ಲಿ ಮಾದರಿ ಕೊಡುವುದು ನಮ್ಮ ಊರಿಗೆ ಸರಿಯಾದ ಸಮಯ. ನಾವೂ ಮುಂದಿನ ಮೇ ತಿಂಗಳಿಗೆ ಗಾದಿ ಮತ್ತು ದಿಂಬಿನ ಧೂಳನ್ನಷ್ಟೇ ಮತ್ತೊಮ್ಮೆ ಕಳುಹಿಸಲು ಹೇಳಿಟ್ಟಿದ್ದೇವೆ.